ಸರಿಸಿದ ಒಸಡು, ಸರಿದ ಒಸಡು

ಕನ್ನಡದ ‘ಸರಿ’ ಎಂಬ ಧಾತುವಿಗೆ ‘ಸು’ ಎಂಬ ಒಂದಕ್ಷರ ಸೇರಿದೊಡನೆ ಕರ್ತೃ ಬದಲಾಗುತ್ತಾನೆ. ಒಸಡು ಸರಿಯಿತು ಎಂದರೆ ಅದು ರೋಗ. ಹಲ್ಲಿನ ಬೇರು ಬಯಲಾಗುತ್ತ ಹೋಗುವ, ಬಹುಮಟ್ಟಿಗೆ ತಾನಾಗಿ ಹಿಂದಿರುಗದ ಸ್ಥಿತಿ. ಒಸಡನ್ನು ಸರಿಸಿದರು ಎಂದರೆ ಅದು ಚಿಕಿತ್ಸೆಯ ಒಂದು ಹಂತ. ವೈದ್ಯರು ತಮ್ಮ ಕೆಲಸಕ್ಕೆ ಬೇಕಾದ ಕೆಲವೇ ನಿಮಿಷಗಳ ಮಟ್ಟಿಗೆ ಒಸಡಿನ ಅಂಚನ್ನು ಹಲ್ಲಿನಿಂದ ಬಿಡಿಸಿ ಹಿಡಿಯುವ ಕ್ರಮ. ಎರಡನೆಯದು ಅಜಾಗ್ರತೆಯಿಂದ ನಡೆದರೆ ಮೊದಲನೆಯದಾಗಿ ಪರಿಣಮಿಸಬಲ್ಲದು. ಸೊಲ್ಲಾಪುರ, ಅಕ್ಕಲಕೋಟ ಪ್ರಾಂತದ ಕನ್ನಡಿಗರ ಪಾಲಿಗೆ ಇದು ವೈದ್ಯಶಾಸ್ತ್ರದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಇದು ಭಾಷೆಯ ಪ್ರಶ್ನೆಯೂ ಹೌದು, ಆ ದಾರಿಯಿಂದ ಕಾನೂನಿನ ಪ್ರಶ್ನೆಯೂ ಹೌದು.

ಒಂದೆರಡು ತಲೆಮಾರಿನ ಹಿಂದೆ ನೋಯುವ ಹಲ್ಲಿಗೆ ಹಳ್ಳಿಗರು ಬಲ್ಲ ಪರಿಹಾರ ಕೀಳಿಸುವುದೊಂದೇ ಆಗಿತ್ತು. ಈಗ ದುಧನಿ, ಮೈಂದರ್ಗಿ, ನಾಗಣಸೂರಗಳ ಕಡೆಯವರೂ ಸೊಲ್ಲಾಪುರದ ದವಾಖಾನೆಗಳಿಗೆ ಬಂದು ರೂಟ್ ಕೆನಾಲ್ ಮಾಡಿಸಿಕೊಳ್ಳುತ್ತಾರೆ. ಕೇಗಾಂವದ ದಂತ ಮಹಾವಿದ್ಯಾಲಯಕ್ಕೋ, ನಂಟರ ಮನೆಯ ಅನುಕೂಲ ನೋಡಿಕೊಂಡು ಕಲಬುರಗಿ, ವಿಜಯಪುರಗಳಿಗೋ ಹೋಗುವವರೂ ಉಂಟು. ರೂಟ್ ಕೆನಾಲ್ ಆದ ಹಲ್ಲು ಪೆಡಸಾಗಿ, ಕಡಕ ರೊಟ್ಟಿಯ ಒತ್ತಡಕ್ಕೂ ಸೀಳಬಹುದಾದುದರಿಂದ ಅದರ ಮೇಲೆ ‘ಕ್ಯಾಪ್’ ಕೂರಿಸುವುದು ರೂಢಿ. ಕಿತ್ತ ಹಲ್ಲಿನ ಜಾಗ ತುಂಬಲು ಅಕ್ಕಪಕ್ಕದ ಹಲ್ಲುಗಳನ್ನು ಆಧಾರ ಮಾಡಿಕೊಂಡು ಸೇತುವೆ ಕಟ್ಟುವುದೂ ಇದೇ ಜಾತಿಯ ಕೆಲಸ. ಜನರು ಕ್ಯಾಪಿನ ಬಣ್ಣ, ಬೆಲೆ, ಬಾಳಿಕೆಗಳನ್ನು ಕೇಳುತ್ತಾರೆ. ಕ್ಯಾಪಿನ ಅಂಚು ಒಸಡಿನ ಮೇಲೆ ನಿಲ್ಲುತ್ತದೆಯೋ ಒಳಗೆ ಹೋಗುತ್ತದೆಯೋ ಎಂಬುದನ್ನು ಕೇಳುವವರು ವಿರಳ. ಆದರೆ ಮುಂದಿನ ಹತ್ತು ವರ್ಷ ಆ ಹಲ್ಲಿನ ಸುತ್ತಣ ಒಸಡು ಹೇಗಿರುತ್ತದೆಂಬುದು ಬಣ್ಣಕ್ಕಿಂತ ಹೆಚ್ಚಾಗಿ ಆ ಅಂಚನ್ನೇ ಅವಲಂಬಿಸಿದೆ.

ಕ್ರಮ ಹೀಗಿದೆ. ಹಲ್ಲನ್ನು ಸುತ್ತಲೂ ತುಸು ತೇಯ್ದು, ಕ್ಯಾಪು ಬಂದು ನಿಲ್ಲಬೇಕಾದ ಗೆರೆಯನ್ನು ವೈದ್ಯರು ಹಲ್ಲಿನ ಬುಡದಲ್ಲಿ ಕೊರೆಯುತ್ತಾರೆ. ಬಳಿಕ ಅದರ ಅಚ್ಚು ತೆಗೆಯಬೇಕು. ಗೆರೆ ಒಸಡಿನ ಅಂಚಿಗೆ ತಾಗಿದ್ದರೆ ಅಥವಾ ಅದರ ಕೆಳಗೆ ಅಡಗಿದ್ದರೆ ಅಚ್ಚಿನ ದ್ರವ್ಯ ಅಲ್ಲಿಗೆ ತಲುಪದು. ಒಸಡಿನಿಂದ ಜಿನುಗುವ ರಕ್ತ, ರಸಗಳೂ ಅಡ್ಡಿ. ಆದ್ದರಿಂದ ಹಲ್ಲಿಗೂ ಒಸಡಿಗೂ ನಡುವೆ ಸಹಜವಾಗಿಯೇ ಇರುವ ಕಿರಿದಾದ ಸಂದನ್ನು ಕೊಂಚ ಅಗಲಗೊಳಿಸಿ, ಒಣಗಿಸಿ, ಅಚ್ಚು ಮುಗಿಯುವವರೆಗೆ ಹಾಗೇ ಇಡಬೇಕಾಗುತ್ತದೆ. ಬೇಕಾದ ಅಗಲ ಸುಮಾರು 0.2 ಮಿಲಿಮೀಟರು. ಅದಕ್ಕಿಂತ ಕಿರಿದಾದರೆ ಹೊರತೆಗೆಯುವಾಗ ಅಚ್ಚಿನ ತೆಳ್ಳನೆಯ ಅಂಚು ಹರಿದುಹೋಗುತ್ತದೆ. ಹರಿದ ಅಚ್ಚಿನ ಮೇಲೆ ತಯಾರಾದ ಕ್ಯಾಪಿಗೂ ಹಲ್ಲಿಗೂ ನಡುವೆ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಅನ್ನದ ಕಸ, ಅದರಿಂದ ಸೂಕ್ಷ್ಮಜೀವಿಗಳು, ಅವುಗಳಿಂದ ಒಸಡಿನ ಊತ. ಒಸಡನ್ನು ಸರಿಸದೆ ಬಿಟ್ಟರೂ ಒಸಡಿಗೇ ಕೇಡು ಎಂಬ ಈ ವಿಚಿತ್ರವನ್ನು ಮೊದಲು ಮನಗಾಣಬೇಕು. ಇದನ್ನು ತಿಳಿಯದೆ ‘ದಾರ ತುಂಬಿ ಒಸಡು ಕೆಡಿಸಿದರು’ ಎಂದು ವೈದ್ಯರನ್ನು ದೂರುವುದು ಅನ್ಯಾಯ.

ಹೆಚ್ಚು ಬಳಕೆಯಲ್ಲಿರುವ ಸಾಧನ ಹತ್ತಿಯ ದಾರವೇ. ಹೆಣೆದ ಅಥವಾ ನೇಯ್ದ ಸಣ್ಣ ಎಳೆಯನ್ನು ಚಪ್ಪಟೆ ಮೊನೆಯ ಉಪಕರಣದಿಂದ ಸಂದಿನೊಳಗೆ ಮೆಲ್ಲಗೆ ಒತ್ತಿ ಕೂರಿಸಿ, ಕನಿಷ್ಠ ನಾಲ್ಕು ನಿಮಿಷವಾದರೂ ಬಿಟ್ಟು, ಆಮೇಲೆ ತೆಗೆದು ಅಚ್ಚು ಹಾಕುತ್ತಾರೆ. ನೂಲಿನ ಊರಾದ ಸೊಲ್ಲಾಪುರಕ್ಕೆ ಎಳೆಯ ದಪ್ಪ, ಹೆಣಿಗೆಯ ಬಿಗಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ: ಇಲ್ಲಿಯೂ ದಾರಕ್ಕೆ ಅಂಕಗಳಿವೆ, ತೆಳ್ಳನೆಯ ಒಸಡಿಗೆ ತೆಳ್ಳನೆಯ ಎಳೆ, ದಪ್ಪ ಒಸಡಿಗೆ ದಪ್ಪ ಎಳೆ. ರಕ್ತ ನಿಲ್ಲಲೆಂದು ದಾರವನ್ನು ಔಷಧದಲ್ಲಿ ಅದ್ದುವುದುಂಟು. ಅಲ್ಯೂಮಿನಿಯಂ ಕ್ಲೋರೈಡ್, ಫೆರಿಕ್ ಸಲ್ಫೇಟ್‌ಗಳು ಹೆಚ್ಚು ಪ್ರಚಲಿತ. ಕ್ಷೌರಿಕರ ಪೆಟ್ಟಿಗೆಯಲ್ಲಿ ಹಿಂದೆ ತಪ್ಪದೆ ಇರುತ್ತಿದ್ದ, ಈ ಭಾಗದವರು ತುರಟಿ ಎಂದು ಕರೆಯುವ ಪಟಿಕವೂ ಇದೇ ಕುಲದ್ದು. ಈ ಔಷಧಗಳು ಆಮ್ಲಗುಣದವು. ಹದವಾಗಿ ಬಳಸಿದರೆ ಅಂಗಾಂಶವನ್ನು ಬಿಗಿದು ರಕ್ತವನ್ನು ಹೆಪ್ಪುಗಟ್ಟಿಸುತ್ತವೆ; ಸಾಂದ್ರತೆಯೂ ಹೊತ್ತೂ ಮಿತಿಮೀರಿದರೆ ಅದೇ ಅಂಗಾಂಶವನ್ನು ಸುಡುತ್ತವೆ. ಫೆರಿಕ್ ಸಲ್ಫೇಟ್ ಬಳಸಿದ ಒಸಡು ಒಂದೆರಡು ದಿನ ಕಪ್ಪಾಗಿ ಕಾಣುವುದು ಸಾಮಾನ್ಯ. ಮೊದಲೇ ಹೇಳಿರದಿದ್ದರೆ ಮನೆಗೆ ಹೋಗಿ ಕನ್ನಡಿ ನೋಡಿಕೊಂಡವರು ಬೆದರುವುದೂ ಸಹಜ.

ದಾರ ತುಂಬಿದಾಗ ಒಸಡಿಗೆ ಏನೂ ಆಗುವುದಿಲ್ಲವೆಂದು ಯಾರೂ ಹೇಳಲಾರರು. ಸಂದಿನ ಒಳಪದರವು ಅತಿ ಕೋಮಲವಾದುದು. ಜಾಗ್ರತೆಯಿಂದ ಮಾಡಿದಾಗಲೂ ಅಲ್ಲಲ್ಲಿ ಕಿತ್ತುಹೋಗುತ್ತದೆ, ಸುತ್ತ ಸಣ್ಣ ಉರಿಯೂತವಾಗುತ್ತದೆ. 1963ರಲ್ಲಿ ಲೋ ಮತ್ತು ಸಿಲ್ನೆಸ್ ಎಂಬ ಸ್ಕ್ಯಾಂಡಿನೇವಿಯಾದ ಇಬ್ಬರು ವಿದ್ವಾಂಸರು ಈ ದಾರಗಳಿಂದ ಒಸಡಿನಲ್ಲಾಗುವ ಬದಲಾವಣೆಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ಅಲ್ಲಿಂದೀಚೆಗೆ ಬಂದ ಅಧ್ಯಯನಗಳ ಒಟ್ಟು ಅಭಿಪ್ರಾಯವೂ ಬಹುಮಟ್ಟಿಗೆ ಅದೇ: ಒಸಡು ಮೊದಲಿನಿಂದ ಆರೋಗ್ಯವಾಗಿದ್ದು, ಒತ್ತಡ ಮಿತವಾಗಿದ್ದರೆ ಗಾಯವು ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಮಾಯುತ್ತದೆ. ಅಂಚು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ಕೆಳಗಿಳಿಯಬಹುದು. ಅದು ಕಣ್ಣಿಗೆ ಬೀಳುವಂಥದಲ್ಲ.

‘ಆರೋಗ್ಯವಾಗಿದ್ದರೆ’ ಎಂಬ ಪದದಲ್ಲಿಯೇ ಗಡಿನಾಡಿನ ತೊಡಕೆಲ್ಲ ಅಡಗಿದೆ.

ಮಹಾರಾಷ್ಟ್ರದ ಹಳ್ಳಿಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಮಿಶ್ರಿ ತಿಕ್ಕುವ ರೂಢಿ ಹಳೆಯದು. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು, ಪುಡಿ ಮಾಡಿ, ಹಲ್ಲಿಗೂ ಒಸಡಿಗೂ ಬೆರಳಿನಿಂದ ತಿಕ್ಕುತ್ತಾರೆ. ಹಲ್ಲುಪುಡಿಯೆಂದು ಆರಂಭವಾದುದು ಚಟವಾಗಿ ದಿನಕ್ಕೆ ಹಲವು ಬಾರಿಯಾಗುತ್ತದೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರಕಾರವು ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ ಅನ್ವಯ 1992ರಲ್ಲಿಯೇ ನಿಷೇಧಿಸಿತು. ಆದರೆ ಮನೆಯ ಒಲೆಯ ಮೇಲೆ ಹುರಿದ ಪುಡಿಗೆ ಪರವಾನಗಿಯೂ ಇಲ್ಲ, ನಿಷೇಧವೂ ತಾಗದು. ತಂಬಾಕು ನಿತ್ಯ ತಾಗುವ ಜಾಗದಲ್ಲಿ ಒಸಡು ತಾನಾಗಿಯೇ ಸರಿಯುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೊಂದು ಮೋಸವುಂಟು: ರಕ್ತನಾಳಗಳು ಕುಗ್ಗಿ, ಒಸಡು ಬಿರುಸಾಗಿ, ಒಳಗೆ ರೋಗವಿದ್ದರೂ ರಕ್ತ ಬರುವುದಿಲ್ಲ. ರಕ್ತವಿಲ್ಲದ್ದನ್ನು ಆರೋಗ್ಯವೆಂದು ಬಗೆದು ದಾರ ತುಂಬಿದರೆ, ನಿಧಾನವಾಗಿ ಮಾಯುವ ಅಂಗಾಂಶಕ್ಕೆ ಹೊಸ ಗಾಯ ಸೇರಿದಂತಾಯಿತು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಹೀಗೆಯೇ ಗಾಯದ ಮಾಯುವಿಕೆಯನ್ನು ತಡಮಾಡುತ್ತದೆ. ಊದಿ ರಕ್ತ ಒಸರುವ ಒಸಡಿದ್ದರೆ ಮೊದಲು ಹಲ್ಲಿನ ಗಾರೆ ತೆಗೆದು, ಕೆಲವು ವಾರ ಕಾದು, ಒಸಡು ಗಟ್ಟಿಯಾದ ಮೇಲೆಯೇ ಕ್ಯಾಪಿನ ಕೆಲಸಕ್ಕೆ ಕೈಹಾಕಬೇಕೆಂಬುದು ಶಾಸ್ತ್ರಸಮ್ಮತ ಕ್ರಮ. ಎರಡೇ ಭೇಟಿಯಲ್ಲಿ ಮುಗಿಸಿಕೊಡಿರೆಂದು ಬಸ್ಸಿನ ವೇಳೆ ನೋಡುತ್ತ ಕೂರುವ ರೋಗಿಯೂ, ಒಪ್ಪಿಬಿಡುವ ವೈದ್ಯರೂ ಈ ಕ್ರಮವನ್ನು ಸಮಾನವಾಗಿಯೇ ಮುರಿಯುತ್ತಾರೆ.

ಇನ್ನು ಆಳದ ಮಾತು. 1961ರಲ್ಲಿ ಗಾರ್ಜಿಯುಲೊ ಮತ್ತು ಸಂಗಡಿಗರು ಅಳೆದು ತೋರಿಸಿದಂತೆ, ಒಸಡಿನ ಸಂದಿನ ತಳದಿಂದ ದವಡೆಯ ಎಲುಬಿನವರೆಗೆ ಒಸಡು ಹಲ್ಲಿಗೆ ಅಂಟಿಕೊಂಡಿರುವ ಪಟ್ಟಿಯ ಅಗಲ ಸರಾಸರಿ 2.04 ಮಿಲಿಮೀಟರು. ಸಂದಿನ ಆಳವಂತೂ ಸರಾಸರಿ 0.69 ಮಾತ್ರ. ಕ್ಯಾಪಿನ ಅಂಚನ್ನು ಮರೆಮಾಡುವ ಉತ್ಸಾಹದಲ್ಲಿ ಈ ಪಟ್ಟಿಯೊಳಕ್ಕೆ ಇಳಿಸಿದರೆ, ಶರೀರ ಅದನ್ನು ಒಪ್ಪಿಕೊಳ್ಳುವುದಿಲ್ಲ. ಒಂದೋ ಒಸಡು ಸದಾ ಕೆಂಪಗೆ ಊದಿಕೊಂಡಿರುತ್ತದೆ, ಇಲ್ಲವೆ ತೆಳುವಾಗಿದ್ದಲ್ಲಿ ಎಲುಬಿನೊಡನೆ ಹಿಂದಕ್ಕೆ ಸರಿದು ತನ್ನ ಪಟ್ಟಿಯನ್ನು ತಾನೇ ಮರಳಿ ಪಡೆಯುತ್ತದೆ. ದಾರವನ್ನು ಬಲವಾಗಿ ಒತ್ತಿದಾಗ ಹರಿಯುವುದೂ ಇದೇ ಅಂಟು. ನಕ್ಕಾಗ ಕಾಣುವ ಮುಂದಿನ ಹಲ್ಲಿನಲ್ಲಿ ಅಂಚನ್ನು ಅರ್ಧ ಮಿಲಿಮೀಟರಿನಷ್ಟು ಅಡಗಿಸಲು ಕಾರಣವಿದೆ. ಯಾರ ಕಣ್ಣಿಗೂ ಬೀಳದ ಹಿಂದಿನ ದವಡೆಹಲ್ಲಿನಲ್ಲಿ, ಹಲ್ಲು ಸಾಕಷ್ಟು ಎತ್ತರವಿದ್ದು ಹುಳುಕು ಕೆಳಗಿಳಿದಿರದಿದ್ದರೆ, ಅಂಚು ಒಸಡಿನ ಮೇಲೆಯೇ ನಿಲ್ಲಬಹುದು. ಆಗ ಒಸಡನ್ನು ಸರಿಸುವ ಪ್ರಸಂಗವೇ ಬಾರದು. ಈ ಪರ್ಯಾಯವುಂಟೆಂದು ಎಷ್ಟು ರೋಗಿಗಳಿಗೆ ತಿಳಿದಿದೆ?

ದಾರಕ್ಕೆ ಬದಲಾಗಿ ಕೇಯೋಲಿನ್ ಮಣ್ಣಿನ ಲೇಪವನ್ನು ಸಂದಿಗೆ ತುಂಬಿ ಎರಡು ನಿಮಿಷಗಳಲ್ಲಿ ತೊಳೆದುಬಿಡುವ ವಿಧಾನವೂ ಬಂದಿದೆ. ಅದರಿಂದ ಒಸಡಿಗೆ ಪೆಟ್ಟು ಕಡಿಮೆ, ಆದರೆ ಆಳವಾದ ಅಂಚಿಗೆ ಅದರ ಬಲ ಸಾಲದು. ವಿದ್ಯುತ್ ಶಸ್ತ್ರದಿಂದಲೋ ಲೇಸರಿನಿಂದಲೋ ಒಸಡಿನ ಒಳಪದರವನ್ನು ಸವರಿ ತೆಗೆಯುವುದೂ ಉಂಟು; ವಿದ್ಯುತ್ ಶಸ್ತ್ರ ಎಲುಬಿಗೆ ತಾಗಿದರೆ ಹಾನಿ ದೊಡ್ಡದು, ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರಿಗಂತೂ ಅದು ವರ್ಜ್ಯ. ಅಚ್ಚಿನ ಬದಲು ಕ್ಯಾಮರಾದಿಂದ ಹಲ್ಲನ್ನು ಚಿತ್ರಿಸಿಕೊಳ್ಳುವ ಯಂತ್ರಗಳು ನಗರದ ದವಾಖಾನೆಗಳಿಗೆ ಬರುತ್ತಿವೆ. ಯಂತ್ರ ಬಂದರೆ ದಾರ ಬೇಡವೆಂಬ ನಂಬಿಕೆ ಹುಸಿ. ಕಾಣದ ಗೆರೆಯನ್ನು ಕ್ಯಾಮರಾ ಚಿತ್ರಿಸಲಾರದು.

ಒಂದು ಬಗೆಯ ದಾರದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ರಕ್ತನಾಳಗಳನ್ನು ಕುಗ್ಗಿಸಲೆಂದು ಅಡ್ರಿನಲಿನ್ ಸವರಿದ ದಾರಗಳಿವೆ. ಅರಿವಳಿಕೆಯ ಸೂಜಿಮದ್ದಿನಲ್ಲಿಯೂ ಹಲವೊಮ್ಮೆ ಅದೇ ದ್ರವ್ಯವಿರುತ್ತದೆ. ಒಸಡು ಗೀರಿದ್ದರೆ ಅದು ನೇರವಾಗಿ ರಕ್ತಕ್ಕಿಳಿದು ಎದೆ ಡವಗುಟ್ಟುವುದು, ಕೈ ನಡುಗುವುದು, ರಕ್ತದ ಒತ್ತಡ ಏರುವುದು ಸಂಭವ. ಹೃದ್ರೋಗ, ಏರಿದ ರಕ್ತದೊತ್ತಡ, ಥೈರಾಯ್ಡಿನ ಅತಿಸ್ರಾವ ಇದ್ದವರಿಗೆ ಈ ದಾರ ಕೂಡದೆಂಬುದು ಪಠ್ಯಪುಸ್ತಕಗಳೆಲ್ಲ ಹೇಳುವ ಮಾತು. ಆದರೆ ಆ ಕಾಯಿಲೆ ಇದೆಯೆಂದು ಗೊತ್ತಾಗುವುದು ಹೇಗೆ? ರೋಗಿ ಹೇಳಿದರೆ ಗೊತ್ತಾಗುತ್ತದೆ. ರೋಗಿ ಹೇಳುವುದು ಕೇಳಿದರೆ. ಕೇಳಿದ್ದು ಅರ್ಥವಾದರೆ.

ಅಕ್ಕಲಕೋಟ ತಾಲೂಕಿನ ಯಾವುದೋ ಹಳ್ಳಿಯ ಅರವತ್ತು ದಾಟಿದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಬೇಕು. ಮನೆಮಾತು ಕನ್ನಡ; ಸಂತೆಯ ಮರಾಠಿ ಬರುತ್ತದೆ, ದವಾಖಾನೆಯ ಮರಾಠಿ ಬಾರದು. ಒಸಡಿಗೆ ಮರಾಠಿಯಲ್ಲಿ ಹಿರಡಿ ಎನ್ನುತ್ತಾರೆಂಬುದು ತಿಳಿಯದೆಯೂ ಅವಳ ಬಾಳು ಈವರೆಗೆ ಸಾಗಿಬಂದಿದೆ. ಜೊತೆಗೆ ಬಂದ ಮಗ ಮರಾಠಿ ಶಾಲೆಯಲ್ಲಿ ಓದಿದವನು. ಮುದ್ರಿತ ಒಪ್ಪಿಗೆಪತ್ರ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಮಗ ಸಹಿ ಮಾಡುತ್ತಾನೆ, ತಾಯಿ ಬಾಯಿ ತೆರೆಯುತ್ತಾಳೆ. ಮಿಶ್ರಿಯ ಸಂಗತಿ ಮಗನ ಮುಂದೆ ಹೇಳಲು ಅವಳಿಗೆ ಸಂಕೋಚ. ಬಿ.ಪಿ. ಗುಳಿಗೆಯನ್ನು ಹಲ್ಲಿನ ವೈದ್ಯರಿಗೆ ಯಾಕೆ ಹೇಳಬೇಕೆಂದು ಮಗನಿಗೆ ಹೊಳೆದಿರುವುದಿಲ್ಲ. ಯಾರೂ ಸುಳ್ಳಾಡಿಲ್ಲ, ಯಾರೂ ವಂಚಿಸಿಲ್ಲ. ಹೇಳಬೇಕಾದ ಮಾತು ಮಾತ್ರ ಹೊರಗೆ ಬರಲಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಆ ಸಹಿಯ ಬೆಲೆಯೇನು? ಸಮೀರಾ ಕೊಹ್ಲಿ ವಿರುದ್ಧ ಡಾ. ಪ್ರಭಾ ಮನಚಂದಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿ 16ರಂದು ನೀಡಿದ ತೀರ್ಪು ಇಲ್ಲಿ ದಾರಿದೀಪ. 44 ವರ್ಷದ ಮಹಿಳೆಯೊಬ್ಬರು ರೋಗ ಪತ್ತೆಯ ಪರೀಕ್ಷೆಗೆಂದು ಒಪ್ಪಿ ಅರಿವಳಿಕೆ ಪಡೆದಿದ್ದರು. ಅವರು ಎಚ್ಚರ ತಪ್ಪಿದ್ದಾಗ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಾಶಯ, ಅಂಡಾಶಯಗಳನ್ನು ತೆಗೆಯಲಾಯಿತು. ವೈದ್ಯರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೂ ಜೀವ ಉಳಿಸುವ ತುರ್ತು ಇಲ್ಲದಿರುವಾಗ, ಬುದ್ಧಿ ಸ್ವಸ್ಥವಾಗಿರುವ ವಯಸ್ಕರ ಬದಲು ಬೇರೊಬ್ಬರು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ನ್ಯಾಯಾಲಯ ಹೇಳಿ 25,000 ರೂಪಾಯಿ ಪರಿಹಾರ ವಿಧಿಸಿತು. ಮೊತ್ತ ಸಣ್ಣದು, ತತ್ತ್ವ ದೊಡ್ಡದು. ಚಿಕಿತ್ಸೆಯ ಸ್ವರೂಪ ಮತ್ತು ಉದ್ದೇಶ, ಪರ್ಯಾಯಗಳಿದ್ದರೆ ಅವು, ಮುಖ್ಯವಾದ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನು ರೋಗಿಗೆ ತಿಳಿಸಿದ ಮೇಲಿನ ಒಪ್ಪಿಗೆಯೇ ಸಮರ್ಪಕ. ದೂರದ, ಕಲ್ಪಿತ ಅಪಾಯಗಳನ್ನೆಲ್ಲ ಒದರಿ ಹೆದರಿಸಬೇಕಾಗಿಲ್ಲವೆಂದೂ ಅದೇ ತೀರ್ಪು ಹೇಳುತ್ತದೆ. ಹಲ್ಲಿನ ಅಂಚು ಎಲ್ಲಿ ನಿಲ್ಲಬೇಕೆಂಬುದು ಗರ್ಭಾಶಯದಷ್ಟು ಗಂಭೀರವಲ್ಲ, ನಿಜ. ಆದರೆ ತಾಯಿಗಾಗಿ ಮಗ ಹಾಕಿದ ಸಹಿ ಅಲ್ಲಿಯಂತೆಯೇ ಇಲ್ಲಿಯೂ ಪೊಳ್ಳು.

ಭಾಷೆಯ ವಿಷಯದಲ್ಲಿ ಕಾನೂನು ಇಷ್ಟು ಸ್ಪಷ್ಟವಾಗಿಲ್ಲ. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಅರ್ಜಿಯನ್ನು ತನ್ನ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಕೊಡುತ್ತದೆ. ಅದು ಸರಕಾರದ ಅಧಿಕಾರಿಗಳ ಮುಂದೆ ಮಾತ್ರ, ಖಾಸಗಿ ದವಾಖಾನೆಯ ಕುರ್ಚಿಯಲ್ಲಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಪತ್ರವು ರೋಗಿಗೆ ತಿಳಿದ ಭಾಷೆಯಲ್ಲಿ, ಅವರ ಗ್ರಹಿಕೆಗೆ ನಿಲುಕುವಂತೆ ವಿವರಿಸಬೇಕೆನ್ನುತ್ತದೆ, ಆದರೆ ಹಕ್ಕುಪತ್ರ ಶಾಸನವಲ್ಲ. ಆದ್ದರಿಂದ ಕನ್ನಡದಲ್ಲಿಯೇ ಅಚ್ಚಾದ ಪತ್ರ ಬೇಕೆಂದು ಕೇಳಲು ಕಾಯ್ದೆಯ ನೇರ ಬಲವಿಲ್ಲ. ಇರುವ ಬಲ ಬೇರೆ ಬಗೆಯದು. ಅರ್ಥವಾಗದ ಭಾಷೆಯಲ್ಲಿ ಕೊಟ್ಟ ಮಾಹಿತಿ ಮಾಹಿತಿಯಲ್ಲ, ಮಾಹಿತಿಯಿಲ್ಲದ ಒಪ್ಪಿಗೆ ಸಮರ್ಪಕವಲ್ಲ. ವ್ಯಾಜ್ಯ ಬಂದಾಗ ಆ ಪತ್ರ ವೈದ್ಯರನ್ನೂ ಕಾಯಲಾರದು. ಸೊಲ್ಲಾಪುರದ ದಂತವೈದ್ಯರಲ್ಲಿ ಕನ್ನಡ ಬಲ್ಲವರು ಕಡಿಮೆಯೇನಲ್ಲ. ಬಾರದವರ ದವಾಖಾನೆಯಲ್ಲಿಯೂ ಕನ್ನಡ ಬಲ್ಲ ಸಹಾಯಕಿಯೊಬ್ಬಳು ಸಿಕ್ಕಾಳು. ಮಗನನ್ನು ಎರಡು ನಿಮಿಷ ಹೊರಗೆ ಕೂರಿಸಿ ಆಕೆ ಕೇಳಿದರೆ ಮಿಶ್ರಿಯ ಮಾತು ಹೊರಬರುತ್ತದೆ.

ಹಾನಿಯಾಗಿಯೇ ಬಿಟ್ಟರೆ ಏನು ಮಾಡಬೇಕೆಂಬುದೂ ತಿಳಿದಿರಲಿ. ಮೊದಲ ಮೂರ್ನಾಲ್ಕು ದಿನದ ನೋವು, ಅಲ್ಪ ರಕ್ತ, ಒಸಡಿನ ಕಪ್ಪು ಬಣ್ಣ ಇವು ನಿರ್ಲಕ್ಷ್ಯದ ಕುರುಹಲ್ಲ. ಎರಡು ವಾರ ಕಳೆದರೂ ಊತ ಇಳಿಯದಿದ್ದರೆ, ಕೀವು ಕಂಡರೆ, ಒಂದೇ ಹಲ್ಲಿನ ಸುತ್ತ ದುರ್ವಾಸನೆ ಉಳಿದರೆ ತಡಮಾಡದೆ ಅದೇ ವೈದ್ಯರಲ್ಲಿಗೆ ಹೋಗಬೇಕು. ದಾರದ ತುಂಡೊಂದು ಸಂದಿನಲ್ಲಿಯೇ ಉಳಿದುಹೋದಾಗ ಹೀಗಾಗುವುದುಂಟು. ತೆಗೆದರೆ ಬಹುತೇಕ ಗುಣವಾಗುತ್ತದೆ. ಬಿಟ್ಟರೆ ಎಲುಬಿನವರೆಗೂ ಹಬ್ಬಬಹುದು. ವೈದ್ಯರು ನೋಡಲು ಒಪ್ಪದಿದ್ದರೆ ಅಥವಾ ಹಾನಿ ಸ್ಥಿರವಾಗಿದ್ದರೆ ಗ್ರಾಹಕ ಆಯೋಗದ ಬಾಗಿಲಿದೆ. ಹಣ ಪಡೆದು ನೀಡುವ ವೈದ್ಯಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿಯೇ ತೀರ್ಮಾನವಾಗಿದೆ. 2019ರ ಹೊಸ ಕಾಯ್ದೆಯ ಅಡಿಯಲ್ಲಿಯೂ ಅದು ಬದಲಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಖಚಿತಪಡಿಸಿತು. ದೂರು ಸಲ್ಲಿಸಲು ಎರಡು ವರ್ಷದ ಅವಧಿ. ಹೊಸ ಕಾಯ್ದೆ ಗಡಿಜನಕ್ಕೆ ಕೊಟ್ಟ ದೊಡ್ಡ ಅನುಕೂಲವೆಂದರೆ, ಚಿಕಿತ್ಸೆ ಕಲಬುರಗಿಯಲ್ಲೋ ವಿಜಯಪುರದಲ್ಲೋ ಆಗಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿ, ಎಂದರೆ ಸೊಲ್ಲಾಪುರದಲ್ಲಿಯೇ, ದೂರು ಹೂಡಬಹುದು. ಸೇವೆಗೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಕ್ಯಾಪಿನ ಕೆಲಸವೆಲ್ಲ ಆ ಮಿತಿಯೊಳಗಿನದೇ.

ಆದರೆ ಆಯೋಗ ಕೇಳುವುದು ಕಾಗದ. ಈ ಜಿಲ್ಲೆಯ ಅನೇಕ ಪ್ರಾಮಾಣಿಕ ದೂರುಗಳು ಸೋಲುವುದು ಅಲ್ಲಿಯೇ. ರಸೀದಿಯೇ ಇರುವುದಿಲ್ಲ, ಇದ್ದರೆ ಅದರಲ್ಲಿ ‘ಕ್ಯಾಪ್ ಒಂದು’ ಎಂಬುದರ ಹೊರತು ಬೇರೇನೂ ಇರುವುದಿಲ್ಲ. ಚಿಕಿತ್ಸೆಗೆ ಮೊದಲಿನ ಕ್ಷಕಿರಣ ಚಿತ್ರ, ಒಸಡಿನ ಸ್ಥಿತಿಯ ಟಿಪ್ಪಣಿ ಇಲ್ಲದಿದ್ದರೆ ಒಸಡು ಸರಿದದ್ದು ಮಿಶ್ರಿಯಿಂದಲೋ ದಾರದಿಂದಲೋ ಎಂದು ಬೇರ್ಪಡಿಸಿ ಹೇಳಲು ತಜ್ಞ ಸಾಕ್ಷಿಗೂ ಆಗದು. ಆ ಟಿಪ್ಪಣಿ ರೋಗಿಗೆ ಎಷ್ಟು ಬೇಕೋ ನಿರಪರಾಧಿ ವೈದ್ಯರಿಗೂ ಅಷ್ಟೇ ಬೇಕು.

ಇದಕ್ಕೆಲ್ಲ ಅರ್ಧ ಪುಟದ ಕನ್ನಡ ಪತ್ರ ಸಾಕು. ಜಿಲ್ಲೆಯ ಯಾವ ದವಾಖಾನೆಯೂ ಒಂದು ಮಧ್ಯಾಹ್ನದಲ್ಲಿ ಅಚ್ಚು ಹಾಕಿಸಬಹುದು. ಒಸಡಿನಿಂದ ರಕ್ತ ಬರುತ್ತದೆಯೆ, ಬಿ.ಪಿ., ಸಕ್ಕರೆ, ಎದೆಯ ಕಾಯಿಲೆಗೆ ಗುಳಿಗೆ ನುಂಗುತ್ತೀರಾ, ಮಿಶ್ರಿ, ಬೀಡಿ, ಗುಟಕಾ ರೂಢಿಯುಂಟೆ ಎಂಬ ಪ್ರಶ್ನೆಗಳು ಮೇಲೆ. ಕ್ಯಾಪಿನ ಅಂಚು ಒಸಡಿನ ಮೇಲೆ ನಿಲ್ಲುವುದೋ ಒಳಗೆ ಹೋಗುವುದೋ, ಏಕೆ, ಒಸಡನ್ನು ಯಾವ ವಿಧಾನದಿಂದ ಸರಿಸಲಾಗುವುದು, ಮಾಯಲು ಎಷ್ಟು ದಿನ ಎಂಬುದು ನಡುವೆ. ರೋಗಿಯದೇ ಸಹಿ ಅಥವಾ ಹೆಬ್ಬೆಟ್ಟು ಕೆಳಗೆ. ದಾರದ ಎಷ್ಟು ತುಂಡು ಒಳಗೆ ಹೋಯಿತು, ಎಷ್ಟು ಹೊರಗೆ ಬಂದಿತು ಎಂಬ ಲೆಕ್ಕಕ್ಕೂ ಅದರಲ್ಲಿಯೇ ಒಂದು ಸಾಲು ಇರಲಿ.